ತಡವಾಗಿ ಜಿಗಿಯುವ ಟೀವಿ ಮತ್ತು ಚಿಗವ್ವನ ಹೆಬ್ಬೆರಳು

ಹೊಸ ಟೀವಿಯ ಪೆಟ್ಟಿಗೆ ಬಿಚ್ಚಿದಾಗ ಒಂದು ವಾಸನೆ ಬರುತ್ತದೆ. ಥರ್ಮಾಕೋಲು, ಹೊಸ ಪ್ಲಾಸ್ಟಿಕ್ಕು, ಗೋದಾಮಿನ ಧೂಳು ಮೂರೂ ಕೂಡಿದ ವಾಸನೆ. ಹಾನಗಲ್ಲಿನ ಅಂಗಡಿಯೊಂದರಲ್ಲಿ ಮಾರಿದ ಟೀವಿಗಳನ್ನು ಮನೆಮನೆಗೆ ಹೋಗಿ ಗೋಡೆಗೆ ಕೂರಿಸಿ ಬರುವುದು ನನ್ನ ಕೆಲಸ. ಹೀಗಾಗಿ ಈ ವಾಸನೆ ದಿನಕ್ಕೆ ಎರಡು ಮೂರು ಸಲ ನನ್ನ ಮೂಗಿಗೆ ಬಡಿಯುತ್ತದೆ. ಬಡಿದಾಗಲೆಲ್ಲ ಶಿಗ್ಗಾಂವದ ಚಿಗವ್ವ ನೆನಪಾಗುತ್ತಾಳೆ. ಉಳಿದವರಿಗೆ ಮಲ್ಲಿಗೆಯ ವಾಸನೆಗೆ, ಮೊದಲ ಮಳೆಯ ವಾಸನೆಗೆ ಮನಸ್ಸು ತುಂಬಿ ಬರುತ್ತದಂತೆ. ನನಗೆ ಥರ್ಮಾಕೋಲಿಗೆ. ನಗಬೇಡಿ. ಒಬ್ಬೊಬ್ಬರ ಮೂಗು ಒಂದೊಂದು ಥರ.

ಮೊನ್ನೆ ಹಿರೇಕೆರೂರಿನ ಒಂದು ಮನೆಯಲ್ಲಿ ದೊಡ್ಡ ಟೀವಿ ಕೂರಿಸಿ, ರಿಮೋಟನ್ನು ಮನೆಯ ಹಿರಿಯರ ಕೈಗೆ ಕೊಟ್ಟೆ. ನಿವೃತ್ತ ಮಾಸ್ತರರು. ಒಂದು ಬಟನ್ ಒತ್ತಿದರು. ಟೀವಿ ಸುಮ್ಮನೆ ಇತ್ತು. ಮತ್ತೆ ಒತ್ತಿದರು. ಆಗ ಎರಡೂ ಒತ್ತಿಗೆ ಒಟ್ಟಿಗೇ ಉತ್ತರ ಕೊಟ್ಟು ಟೀವಿ ಎರಡು ಚಾನೆಲ್ ದಾಟಿ ಹೋಗಿ ನಿಂತಿತು. ಮಗ ನಕ್ಕ. "ಬಿಡ್ರಿ ಅಪ್ಪಾ, ನಿಮ್ಮ ಕೈಲೆ ಇವೆಲ್ಲಾ ಇನ್ನ ಆಗಂಗಿಲ್ಲ" ಎಂದ. ಮಾಸ್ತರರು ರಿಮೋಟನ್ನು ಮೆಲ್ಲಗೆ ಟೀಪಾಯಿಯ ಮೇಲಿಟ್ಟು, ತಮ್ಮ ಅಂಗೈಯನ್ನು ಒಂದು ಸಲ ನೋಡಿಕೊಂಡರು.

ಆ ನೋಟ ನನಗೆ ಪರಿಚಯದ್ದು. "ಕೈ ಸರಿ ಅದಾವ್ರಿ ಸರ್, ಟೀವಿನ ತಡಾ ಐತಿ" ಎಂದೆ. ನಾನೇ ಒತ್ತಿ ತೋರಿಸಿದೆ, ಮಗನ ಕೈಯಲ್ಲೂ ಒತ್ತಿಸಿದೆ. ಕೆಲಸ ಮುಗಿದಿದ್ದರೂ ಅರ್ಧ ತಾಸು ಕೂತು ಸೆಟ್ಟಿಂಗು ತಿದ್ದಿದೆ. ಅಂಗಡಿಯವರಿಗೆ ನಾನು ನಿಧಾನದ ಮನುಷ್ಯ ಎಂದು ಸಿಟ್ಟು. ಯಾಕೆ ನಿಧಾನ ಎಂಬುದನ್ನು ಅವರಿಗೆ ಹೇಳಿಲ್ಲ, ನಿಮಗೆ ಹೇಳುತ್ತೇನೆ.

ಚಿಗವ್ವ ಎಂದರೆ ನಮ್ಮವ್ವನ ತಂಗಿ. ದುಂಡಸಿಯವನಾದ ನಾನು ಡಿಗ್ರಿ ಓದಲಿಕ್ಕೆ ಮೂರು ವರ್ಷ ಅವಳ ಮನೆಯಲ್ಲಿದ್ದೆ. "ಓದಲಿಕ್ಕೆ" ಎಂಬುದು ಮನೆಯವರ ಮಾತು. ಕಾಲೇಜಿನಲ್ಲಿ ನನ್ನ ನಿಜವಾದ ವಿಷಯ ಮಿಮಿಕ್ರಿ. ದುಂಡಸಿ ಬಸ್ಸಿನ ಕಂಡಕ್ಟರು "ಮುಂದ ಸರೀರಿ, ಮುಂದ ಏನ್ ಮುಳ್ಳ ಹಾಸ್ಯಾರೇನ್ರಿ?" ಎಂದು ಕೂಗುವುದನ್ನು ನಾನು ಬಸ್ಸಿನಲ್ಲೇ ಕೂಗಿ, ಜನ ಮುಂದೆ ಸರಿದು, ಕಂಡಕ್ಟರು ಇನ್ನೂ ಟಿಕೀಟು ಹರಿಯುತ್ತ ಹಿಂದೆಯೇ ನಿಂತಿದ್ದದ್ದುಂಟು. ಚಿಗವ್ವನ ಗಂಡ, ನಮ್ಮ ಕಾಕಾ, ಮೂರು ಕಂತಿನಲ್ಲಿ ಸೀನುತ್ತಾರೆ. ಮೊದಲೆರಡು ಬರೀ ಎಚ್ಚರಿಕೆ, ಮೂರನೆಯದೇ ಘಟನೆ. ಅದನ್ನೂ ಮಾಡುತ್ತಿದ್ದೆ. ಪರೀಕ್ಷೆಯಲ್ಲಿ ಉತ್ತರ ಬಾರದೆ ಪೆನ್ನು ಕಚ್ಚುವ ನನ್ನನ್ನೂ ನಾನೇ ಮಾಡಿ ತೋರಿಸುತ್ತಿದ್ದೆ. ಎಲ್ಲಕ್ಕಿಂತ ಹೆಚ್ಚು ಚಪ್ಪಾಳೆ ಬೀಳುತ್ತಿದ್ದುದು ಅದಕ್ಕೇ, ಯಾಕೋ.

ಚಿಗವ್ವ ಕಾಳಿನ ಅಂಗಡಿಯೊಂದರ ಮಾಳಿಗೆಯ ಮೇಲೆ ಟೈಪಿಂಗ್ ಕ್ಲಾಸು ನಡೆಸುತ್ತಿದ್ದಳು. ಸರಕಾರಿ ಕೆಲಸದ ಆಸೆಯಿಟ್ಟುಕೊಂಡ ಹುಡುಗಿಯರು, ಹುಡುಗರು, ಎಂಟು ಮಷೀನು, ರಿಬ್ಬನ್ನಿನ ಮಸಿ, ಕೆಳಗಿನಿಂದ ಏರಿ ಬರುವ ಜೋಳದ ಧೂಳು. ಅವಳು ಪಾಠ ಮಾಡುವ ರೀತಿಯೇ ಬೇರೆ. ಮಕ್ಕಳಿಗೆ ಬೆನ್ನು ಮಾಡಿ ಕಿಟಕಿಯ ಹತ್ತಿರ ನಿಲ್ಲುತ್ತಿದ್ದಳು. ಎಂಟೂ ಮಷೀನು ಏಕಕಾಲಕ್ಕೆ ಹೊಡೆದುಕೊಳ್ಳುತ್ತಿದ್ದರೆ, ರಸ್ತೆ ನೋಡುತ್ತಲೇ ಹೇಳುತ್ತಿದ್ದಳು: "ಮೂರನೇ ಮಷೀನು, ಕಿರಿಬೆರಳು ಸೋಮಾರಿ ಆಗೇತಿ. ಆರನೇದು, ನೀ ಕೆಳಗ ನೋಡಿ ಹೊಡ್ಯಾಕತ್ತಿ, ನನಗ ಗೊತ್ತಾತು." ಕೆಳಗೆ ನೋಡಿ ಹೊಡೆದರೆ ಸಪ್ಪಳದ ನಡುವೆ ಕೂದಲೆಳೆಯಷ್ಟು ಸಂದು ಬೀಳುತ್ತದಂತೆ. ನನಗೆ ಎಂಟು ಮಷೀನಿನ ಸಪ್ಪಳ ತಗಡಿನ ಮೇಲೆ ಆಲಿಕಲ್ಲು ಬಿದ್ದಂತೆ ಕೇಳುತ್ತಿತ್ತು. ಅವಳಿಗೆ ಅದರಲ್ಲಿ, ಹೆಬ್ಬೆರಳು ಬಿಟ್ಟರೂ, ಅರವತ್ನಾಲ್ಕು ಬೆರಳು ಕೇಳುತ್ತಿದ್ದವು.

ಇನ್ನು ವಿಡಿಯೋ ಗೇಮು. ಬೇಸಿಗೆ ರಜೆಗೆ ಬರುವ ನಮ್ಮಂಥ ಅಕ್ಕನ ಮಕ್ಕಳಿಗೆಂದು ಕಾಕಾ ಎಂದೋ ತಂದದ್ದು. ಕ್ಯಾಸೆಟ್ ಸಿಗಿಸುವ, ಎರಡು ಜಾಯ್‌ಸ್ಟಿಕ್ಕಿನ ಹಳೇ ಪೆಟ್ಟಿಗೆ. ನಾವು ದೊಡ್ಡವರಾಗಿ ಬಿಟ್ಟೆವು, ಚಿಗವ್ವ ಬಿಡಲಿಲ್ಲ. ಅವಳ ಆಟ ಒಂದೇ. ಪರದೆ ಮೇಲೊಂದು, ಕೆಳಗೊಂದು ಎಂದು ಎರಡು ಪಾಲಾಗುತ್ತದೆ. ಮೇಲೆ ಹಳದಿ ಅಂಗಿಯವನು, ಕೆಳಗೆ ನೀಲಿ ಅಂಗಿಯವನು. ಇಬ್ಬರೂ ಓಡುತ್ತಾರೆ. ಹೊಂಡ ಬಂದರೆ ಬಟನ್ ಒತ್ತಿ ಜಿಗಿಸಬೇಕು. ಬೇಗ ಜಿಗಿದರೆ ಹೊಂಡದ ನಡುವೆ ಬೀಳುತ್ತಾನೆ, ತಡವಾದರೆ ಅಂಚಿನಲ್ಲೇ ಜಾರುತ್ತಾನೆ. ಇಷ್ಟೇ. ಚಿಗವ್ವ ಮಷೀನಿನ ಮುಂದೆ ಕೂತಂತೆ ನೆಟ್ಟಗೆ ಕೂತು, ಮೊಳಕೈ ಮೈಗೆ ಒತ್ತಿಕೊಂಡು, ಹಳದಿ ಅಂಗಿಯವನ ಕಾಲು ಹೊಂಡದ ಅಂಚಿಗೆ ತಾಗುವ ಆ ಒಂದು ಕ್ಷಣಕ್ಕೆ ಸರಿಯಾಗಿ ಹೆಬ್ಬೆರಳು ಒತ್ತುತ್ತಿದ್ದಳು. ನಾನು ನಾಲಿಗೆ ಹೊರಗೆ ಹಾಕಿ, ಮೊಳಕೈ ಹಾರಿಸಿ, ಹೊಂಡ ಬರುವ ಮೊದಲೇ ಅಂದಾಜಿನಲ್ಲಿ ಒತ್ತಿ ಕಣ್ಣು ಮುಚ್ಚುತ್ತಿದ್ದೆ. ಮೊದಲ ವರ್ಷ ಅವಳನ್ನು ಒಂದು ಸಲವೂ ಸೋಲಿಸಲಿಲ್ಲ. "ಹೋಗು ಮಂಗ್ಯಾ, ಚಹಾ ಮಾಡ್ಕೊಂಡ ಬಾ" ಎನ್ನುತ್ತಿದ್ದಳು. ಸೋತವರು ಚಹಾ ಮಾಡಬೇಕು. ಶಿಗ್ಗಾಂವದಲ್ಲಿ ನಾನು ಕಲಿತ ಏಕೈಕ ವಿದ್ಯೆ ಚಹಾ.

ಎರಡನೇ ವರ್ಷ ದೀಪಾವಳಿಗೆ ಹೊಟ್ಟೆ ದಪ್ಪದ ಹಳೆಯ ಟೀವಿ ಕೆಟ್ಟಿತು. ಕಾಕಾ ಹುಬ್ಬಳ್ಳಿಗೆ ಹೋಗಿ, ಗೋಡೆಯ ಅರ್ಧ ತುಂಬುವ ಚಪ್ಪಟೆ ಟೀವಿಯನ್ನು ಹೈವೇ ಬಸ್ಸಿನಲ್ಲಿ ಮಡಿಲ ಕೂಸಿನಂತೆ ಹಿಡಿದು ತಂದರು. ಆ ಪೆಟ್ಟಿಗೆ ಬಿಚ್ಚಿದ್ದು ನಾನೇ. ಆ ವಾಸನೆ ನನಗೆ ಅಂಟಿಕೊಂಡದ್ದು ಅವತ್ತು.

ಅದೇ ದಿನ ನಾನು ಚಿಗವ್ವನನ್ನು ಸೋಲಿಸಿದೆ. ಮರುದಿನವೂ. ಅದರ ಮರುದಿನವೂ. ಅವಳ ಹಳದಿ ಅಂಗಿಯವನು ಹೊಂಡ ಹೊಂಡಕ್ಕೂ ಬೀಳತೊಡಗಿದ. "ಸರಿಯಾಗೇ ಒತ್ತಿದ್ನೆಲ್ಲೋ" ಎಂದು ಅವಳು, "ಹೂಂ, ಬಿದ್ದ ಮ್ಯಾಲ ಸರಿಯಾಗಿ ಒತ್ತಿದಿ" ಎಂದು ನಾನು. ನನ್ನ ಕೈ ಕೊನೆಗೂ ಕುದುರಿತು ಎಂದು ನಂಬಿದೆ. ಕಾಲೇಜಿನಲ್ಲಿ ಹೇಳಿಕೊಂಡು ತಿರುಗಿದೆ. ಚಹಾ ಈಗ ಚಿಗವ್ವನೇ ಮಾಡುತ್ತಿದ್ದಳು, ನಾನು ಸಕ್ಕರೆ ಕಡಿಮೆಯೆಂದು ತಕರಾರು ಹೇಳುತ್ತಿದ್ದೆ.

ಇಲ್ಲಿ ನನ್ನ ಒಂದು ತಪ್ಪನ್ನು ಹೇಳಿಬಿಡಬೇಕು. ಸಂಕ್ರಾಂತಿಗೆ ದುಂಡಸಿಯ ಮನೆಯಲ್ಲಿ ಎಲ್ಲರೂ ಸೇರಿದ್ದರು. ಹೋಳಿಗೆ ಊಟ ಮುಗಿದ ಮೇಲೆ ಪಡಸಾಲೆಯಲ್ಲಿ ನನ್ನ ಕಾರ್ಯಕ್ರಮ. ಕಂಡಕ್ಟರು, ಕಾಕಾನ ಸೀನು ಆದ ಮೇಲೆ ಹೊಸದೊಂದನ್ನು ತೆಗೆದೆ: ಚಿಗವ್ವನ ಆಟ. ನೆಟ್ಟಗೆ ಕೂತು, ಕಣ್ಣು ಕಿರಿದು ಮಾಡಿ, ಆಟಗಾರ ಬಿದ್ದು ಎರಡು ಕ್ಷಣವಾದ ಮೇಲೆ ಹೆಬ್ಬೆರಳು ಮೆಲ್ಲಗೆ ಎದ್ದು, ನಡುಗುತ್ತ, ಇಳಿದು, "ಅಯ್ಯ, ಸರಿಯಾಗೇ ಒತ್ತಿದ್ನೆಲ್ಲೋ!" ಎಂಬುದು. ಆ ನಡುಕ ನನ್ನ ಸ್ವಂತ ಸೇರ್ಪಡೆ. ಅವಳ ಕೈ ನಡುಗುತ್ತಿರಲಿಲ್ಲ. ನಗು ಹೆಚ್ಚಲಿ ಎಂದು ಹಾಕಿದೆ. ಮನೆಯೆಲ್ಲ ಹೊರಳಾಡಿ ನಕ್ಕಿತು. ಚಿಗವ್ವನೂ ನಕ್ಕಳು. ನಗುತ್ತಲೇ ಎರಡೂ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ನಾನು ಅದನ್ನು ನೋಡಿದೆ. ಚಪ್ಪಾಳೆ ನಡೆದಿತ್ತು, ನೋಡಿದ್ದನ್ನು ಅಲ್ಲಿಗೇ ಬಿಟ್ಟೆ.

ಆಮೇಲೆ ಒಂದೊಂದಾಗಿ ನಿಂತವು. ಆಟ ನಿಂತಿತು. ಪ್ರತಿ ಗುರುವಾರ ಸ್ಕೂಟರಿನ ಹಿಂದೆ ನನ್ನನ್ನು ಕೂರಿಸಿಕೊಂಡು ಹುಲಗೂರಿನ ದರ್ಗಾಕ್ಕೆ ಹೋಗಿ ಸಕ್ಕರೆ ಹಂಚಿ ಬರುತ್ತಿದ್ದವಳು ಬಸ್ಸಿಗೆ ಹೋಗತೊಡಗಿದಳು. ಸ್ಕೂಟರಿಗೆ ಗೋಣಿತಟ್ಟು ಹೊದಿಸಿದಳು. ಒಂದು ಸಂಜೆ ಕ್ಲಾಸಿನ ಬಾಗಿಲಿಗೆ "ಹೊಸ ಬ್ಯಾಚ್ ಇಲ್ಲ" ಎಂದು ಟೈಪು ಮಾಡಿದ ಚೀಟಿ ಅಂಟಿಸುತ್ತಿದ್ದಳು. ಒಂದೂ ತಪ್ಪಿಲ್ಲದ, ಅಂಚು ಸಮನಾದ ಚೀಟಿ.

"ಇದೇನ ಚಿಗವ್ವ?"

ಅವಳು ಮಾಳಿಗೆಯ ಮೆಟ್ಟಿಲ ಮೇಲೆ ಕೂತಳು. "ಕೈ ತಡಾ ಆಗಾಕತ್ತೈತಿ ತಮ್ಮಾ. ಅವ್ವಗೂ ಹಿಂಗ ಸುರು ಆಗಿತ್ತು."

ಅವ್ವ ಎಂದರೆ ನನ್ನ ಅಜ್ಜಿ. ಕೊನೆಯ ಆರು ವರ್ಷ ದುಂಡಸಿಯ ನಮ್ಮ ಮನೆಯಲ್ಲೇ ಇದ್ದ ಅವಳ ಕೈ ನಡುಗುತ್ತಿದ್ದುದು, ಚಿಗವ್ವ ಬಂದು ತುತ್ತು ಮಾಡಿ ಉಣ್ಣಿಸುತ್ತಿದ್ದುದು ನನಗೆ ಮಸುಕಾಗಿ ನೆನಪಿದೆ. ಆ ನಡುಕವನ್ನೇ ನಾನು ಸಂಕ್ರಾಂತಿಯ ದಿನ ನಗುವಿಗೆ ಬಳಸಿದ್ದೆ ಎಂಬುದು ಮೆಟ್ಟಿಲ ಮೇಲೆ ನಿಂತಾಗ ಹೊಳೆಯಿತು.

"ಮೊದಲಿಗೆ ನಡುಗಲಿಲ್ಲ ಅವ್ವಗ. ಮಜ್ಜಿಗಿ ಚರಗಿ ಹಿಡಿ ಅಂದ್ರ ಒಂದ್ ಗಳಿಗಿ ಬಿಟ್ಟು ಕೈ ಚಾಚತಿದ್ಲು. ಚರಗಿ ಬೀಳತಿತ್ತು. ನಾವು ನಗತಿದ್ವಿ."

"ಟೈಪಿಂಗ್ ಛಲೋನ ಮಾಡಾಕತ್ತೀಯಲ್ಲ ಮತ್ತ?"

"ಅದು ರೂಢಿ. ಕಣ್ಣು ಮುಚ್ಚಿದ್ರೂ ಬರತೈತಿ. ಎದುರಿಗೆ ಏನರ ಬಂದಾಗ ಕೈ ಏಳಬೇಕಲ್ಲ, ಅದು ಏಳವಲ್ದು. ಹೈವೇದಾಗ ಲಾರಿ ಎದುರಿಗೆ ಬಂದ್ರ? ಹಿಂದ ನೀ ಕುಂತಿರ್ತಿ."

"ಡಾಕ್ಟರ ಕಡೆ ಹೋಗೂಣ."

"ಹೋಗಿ ಬಂದೇನಿ. ಈಗೇನೂ ಕಾಣಂಗಿಲ್ಲ ಅಂದ್ರು. ಅವ್ವಗೂ ಮೊದಲ ಹಂಗ ಅಂದಿದ್ರು." ಎದ್ದು ಸೀರೆ ಕೊಡವಿಕೊಂಡಳು. "ನಿಮ್ಮ ಕಾಕಾಗ ಹೇಳಬ್ಯಾಡ."

ಊರಿನ ಎಲ್ಲರ ದನಿಯೂ ನನ್ನ ಗಂಟಲಲ್ಲಿ ಇತ್ತು. ಆ ಸಂಜೆ ಬೇಕಾಗಿದ್ದುದು ನನ್ನದು, ಅದು ಬರಲಿಲ್ಲ.

ಹೇಗಾದರೂ ಮಾಡಿ ಅವಳನ್ನು ಮತ್ತೆ ಆಟಕ್ಕೆ ಕೂರಿಸಬೇಕು ಎಂದುಕೊಂಡೆ. ಹೊಸ ಟೀವಿಯ ದನಿ ನೆಗಡಿಯಾದವರ ಹಾಗಿತ್ತು. ಸಪ್ಪಳ ಜೋರಾಗಿ, ಸ್ವಚ್ಛವಾಗಿ ಬಂದರೆ ಚಿಗವ್ವ ತಾನಾಗಿ ತಿರುಗಿ ನೋಡಿಯಾಳು ಎಂದು ದುಂಡಸಿಯಿಂದ ನನ್ನ ಸ್ಪೀಕರು ಹೊತ್ತು ತಂದೆ. ಗೇಮಿನ ಪೆಟ್ಟಿಗೆಯಿಂದ ಮೂರು ತಂತಿ ಬರುತ್ತವೆ. ಚಿತ್ರದ ಹಳದಿ ತಂತಿಯನ್ನು ಟೀವಿಗೇ ಬಿಟ್ಟು, ದನಿಯ ಕೆಂಪು ಬಿಳಿ ಎರಡನ್ನೂ ಕಿತ್ತು ಸೀದಾ ಸ್ಪೀಕರಿಗೆ ಸಿಗಿಸಿದೆ. ಇದರಿಂದ ಏನಾದೀತು ಎಂಬ ಕಲ್ಪನೆ ನನಗೆ ಎಳ್ಳಷ್ಟೂ ಇರಲಿಲ್ಲ. ಬುದ್ಧಿವಂತಿಕೆಯಿಂದ ಮಾಡಿದೆ ಎಂದು ಆಮೇಲೆ ಅನೇಕ ಕಡೆ ಹೇಳಿದ್ದೇನೆ, ಅದು ಸುಳ್ಳು.

ಭಾನುವಾರ ಬೆಳಿಗ್ಗೆ. ಚಿಗವ್ವ ಟೀವಿಗೆ ಬೆನ್ನು ಮಾಡಿ ಕೂತು ಮಕ್ಕಳ ಟೈಪಿಂಗ್ ಸ್ಪೀಡ್ ಪರೀಕ್ಷೆಯ ಪೇಪರು ತಿದ್ದುತ್ತಿದ್ದಳು. ನಾನು ಒಬ್ಬನೇ ಆಡುತ್ತಿದ್ದೆ. ಬಟನ್ನಿನ ಟಿಕ್, ಜಿಗಿತದ ಟೊಂಯ್. ಯಾಕೋ ಕಣ್ಣಿಗೆ ಕಿರಿಕಿರಿ ಎನ್ನಿಸತೊಡಗಿತು. ಬೇರೆ ಭಾಷೆಯಿಂದ ಕನ್ನಡಕ್ಕೆ ಎಳೆದು ತಂದ ಸಿನಿಮಾಗಳಲ್ಲಿ ಮಾತು ಮುಗಿದ ಮೇಲೂ ತುಟಿ ಆಡುತ್ತಿರುತ್ತವಲ್ಲ, ಹಾಗೆ. ತುಟಿಗೆ ದನಿ ಕೂಡಿಸುವುದೇ ನನ್ನ ಕಸುಬಾದ್ದರಿಂದ ನನಗೆ ಅದು ತಡೆಯಲಾರದ ಹಿಂಸೆ.

"ಚಿಗವ್ವ, ಈ ಸ್ಪೀಕರು ಕೆಟ್ಟೈತಿ. ಸಪ್ಪಳ ಲಗೂ ಬರಾಕತ್ತೈತಿ."

ಅವಳು ತಿರುಗಲಿಲ್ಲ. "ಸಪ್ಪಳ ಸರಿ ಐತಿ. ನೀ ಒತ್ತಿದ್ದಕ್ಕೂ ಅದಕ್ಕೂ ನಡುವ ಸಂದ ಇಲ್ಲ."

"ಇಲ್ಲಬೇ, ಸಪ್ಪಳ ಆದ ಮ್ಯಾಲ ಅಂವಾ ಜಿಗ್ಯಾಕತ್ತಾನ."

ಪೆನ್ನು ನಿಂತಿತು. "ಹೊಂಡ ಬಿಡು. ಬಯಲಾಗ ನಿಲ್ಲಿಸಿ ಸುಮ್ಮನ ಜಿಗಿಸು."

ನಿಲ್ಲಿಸಿದೆ. ಒತ್ತಿದೆ. ಟಿಕ್ಕೂ ಟೊಂಯ್ಯೂ ಒಂದೇ ಉಸಿರಿಗೆ ಬಂದವು. ಹಳದಿ ಅಂಗಿಯವನು ಮಾತ್ರ, ಹಾಸಿಗೆಯಿಂದ ಎಬ್ಬಿಸಿದವನ ಹಾಗೆ, ಆಮೇಲೆ ಎದ್ದ. ಮತ್ತೆ ಒತ್ತಿದೆ. ಮತ್ತೆ ಹಾಗೇ. ಇಷ್ಟು ಹೊತ್ತಿಗೆ ಚಿಗವ್ವ ತಿರುಗಿ ನೋಡುತ್ತಿದ್ದಳು. ಅವಳ ಮುಖದಲ್ಲಿ ಸಂತೋಷವಿರಲಿಲ್ಲ.

"ನನ್ನ ಕಣ್ಣೂ ತಡಾ ಆದುವೇನೋ?"

"ನನಗೂ ಹಂಗ ಕಾಣಾಕತ್ತೈತಿ!"

"ನೀ ನನ್ನ ಸಮಾಧಾನಕ್ಕ ಹೇಳ್ತಿ." ಸುಳ್ಳು ಹೇಳಿ ಹೇಳಿ ನಗಿಸಿದವನ ಪಾಡು ನೋಡಿ: ನಿಜ ಹೇಳಿದಾಗ ಸಾಕ್ಷಿ ಬೇಕು. ಅಂಗಳದಲ್ಲಿ ಗಡ್ಡ ಬೋಳಿಸಿಕೊಳ್ಳುತ್ತಿದ್ದ ಕಾಕಾನನ್ನು ಕರೆದೆ. ಅರ್ಧ ಮುಖಕ್ಕೆ ಸಾಬೂನಿನ ನೊರೆಯಿಟ್ಟುಕೊಂಡೇ ಬಂದರು. ಅವರು ದಿನಕ್ಕೆ ಹತ್ತು ಮಾತು ಆಡುವ ಮನುಷ್ಯ, ಸುಳ್ಳಿಗೆ ಮಾತು ಖರ್ಚು ಮಾಡುವವರಲ್ಲ. ನಾನು ಒತ್ತಿದೆ. ನೋಡಿದರು. ಇನ್ನೊಮ್ಮೆ ಒತ್ತಿದೆ. ನೋಡಿದರು.

"ಟೀವಿ ತಡಾ ಐತಿ" ಎಂದರು.

"ಖರೇನ್ರಿ?" ಚಿಗವ್ವನ ದನಿ ಸಣ್ಣದಾಗಿತ್ತು.

"ಇಷ್ಟ ದೊಡ್ಡ ಟೀವಿ, ಒಳಗ ಇಷ್ಟ ನಿದ್ದಿ" ಎಂದು ಕಾಕಾ ತಾವೇ ಅಪರಾಧ ಮಾಡಿದವರಂತೆ ನಿಂತರು.

ಈಗ ನನಗೆ ಗೊತ್ತು. ಹಳೆಯ ಡಬ್ಬಾ ಟೀವಿ ಬಂದ ಚಿತ್ರವನ್ನು ಬಂದ ಹಾಗೆ ತೋರಿಸಿಬಿಡುತ್ತಿತ್ತು. ಹೊಸತಕ್ಕೆ ಡೌಲು. ಕರೆದಾಗ ಹೊರಗೆ ಬಾರದೆ ಪೌಡರು ಹಚ್ಚಿ ತಲೆ ಬಾಚಿಕೊಳ್ಳುತ್ತ ಕೂತ ಮದುಮಗನ ಹಾಗೆ, ಅದು ಸಣ್ಣ ಚಿತ್ರವನ್ನು ಹಿಗ್ಗಿಸಿ, ತೊಳೆದು, ಬಣ್ಣ ತೀಡಿ, ಆಮೇಲೆ ಪರದೆಗೆ ಕಳಿಸುತ್ತದೆ. ದನಿಯನ್ನೂ ಚಿತ್ರ ಬರುವ ತನಕ ಹಿಡಿದಿಡುತ್ತದೆ; ನನ್ನ ಸ್ಪೀಕರಿಗೆ ಮಾತ್ರ ಅದು ಪೆಟ್ಟಿಗೆಯಿಂದ ಸೀದಾ ಬಂದಿತ್ತು. ಅಷ್ಟರಲ್ಲಿ ಆಟದೊಳಗಿನ ಮನುಷ್ಯ ಹೊಂಡದಲ್ಲಿರುತ್ತಾನೆ. ಕಂಡ ಕ್ಷಣಕ್ಕೆ ಸರಿಯಾಗಿ ಒತ್ತುವವಳು ಸೋಲುತ್ತಾಳೆ. ಕಾಣುವ ಮೊದಲೇ ಅಂದಾಜಿನಲ್ಲಿ ಒತ್ತುವ ನನ್ನಂಥವನು ಗೆಲ್ಲುತ್ತಾನೆ. ಎರಡು ತಿಂಗಳು ನಾನು ಕಾಲೇಜಿನಲ್ಲಿ ಮೆರೆಸಿದ ನನ್ನ ಪಟ್ಟ ಟೀವಿಯದ್ದಾಗಿತ್ತು. ಇದು ತಿಳಿದಾಗ ಒಳಗೊಂದು ಸಣ್ಣ ದನಿ "ಯಾಕ ಹೇಳಬೇಕಿತ್ತೋ" ಎಂದದ್ದನ್ನೂ ಮುಚ್ಚಿಡುವುದಿಲ್ಲ.

ರಿಮೋಟು ಹಿಡಿದು ಟೀವಿಯ ಮೆನುವಿನೊಳಗೆ ಹುಡುಕಿದೆ. ಚಿತ್ರದ ಸೆಟ್ಟಿಂಗಿನ ಕೆಳಗೆ, ಒಂದರ ಹಿಂದೆ ಒಂದು ಬಾಗಿಲು ತೆರೆದು, ಎಲ್ಲಕ್ಕಿಂತ ಕೊನೆಗೆ "ಗೇಮ್ ಮೋಡ್" ಎಂಬುದು ಸಿಕ್ಕಿತು. ಹಾಕಿದೊಡನೆ ಬಣ್ಣ ಪೇಲವವಾಯಿತು, ಅಂಚುಗಳು ಒರಟಾದವು. ಕಾಕಾನ ಮುಖ ಬಾಡಿತು. "ಚಂದ ಹೋತಲ್ಲ" ಎಂದರು.

"ಚಂದ ಬ್ಯಾಡ್ರಿ, ಹೊತ್ತಿಗೆ ಬಂದ್ರ ಸಾಕು" ಎಂದು ಚಿಗವ್ವ ಜಾಯ್‌ಸ್ಟಿಕ್ಕು ತೆಗೆದುಕೊಂಡಳು.

ಅವಳು ಕೂಡಲೇ ಆಡಲಿಲ್ಲ. ಹಳದಿ ಅಂಗಿಯವನನ್ನು ಬಯಲಲ್ಲಿ ನಿಲ್ಲಿಸಿ ಸುಮ್ಮನೆ ಜಿಗಿಸಿದಳು. ಟಿಕ್, ಟೊಂಯ್, ಜಿಗಿತ. ಮತ್ತೊಮ್ಮೆ. ಮತ್ತೊಮ್ಮೆ. ಹೊಸ ಹುಡುಗಿಯೊಬ್ಬಳ ಬೆರಳು ಪರೀಕ್ಷೆ ಮಾಡುವ ಹಾಗೆ, ತನ್ನದೇ ಹೆಬ್ಬೆರಳನ್ನು ಇಪ್ಪತ್ತು ಮೂವತ್ತು ಸಲ ಕೇಳಿಸಿಕೊಂಡಳು. ಕಾಕಾನ ಕೆನ್ನೆಯ ನೊರೆ ಒಣಗಿ ಹೋಯಿತು. ಕೊನೆಗೆ ಅವಳು ಕಣ್ಣೊರೆಸಿಕೊಂಡು, "ಕುಂದ್ರ ಮಂಗ್ಯಾ, ನೀಲಿ ಅಂಗೀದಂವ ನಿನಗ" ಎಂದಳು. ಹನ್ನೊಂದು ಹೊಂಡವನ್ನೂ ದಾಟಿದಳು. ನಾನು ಎರಡನೆಯದರಲ್ಲೇ ಬಿದ್ದೆ, ಅಂದಾಜಿಗೆ ಒತ್ತಿ ಒತ್ತಿ ಕೆಟ್ಟ ಕೈ ನನ್ನದು. ಆ ಬೆಳಿಗ್ಗೆ ನಾನು ಏಳು ಸಲ ಚಹಾ ಮಾಡಿದೆ, ಕಾಕಾ ಏಳೂ ಸಲ ಕುಡಿದರು. ಗುರುವಾರ ಚಿಗವ್ವ ಗೋಣಿತಟ್ಟು ತೆಗೆದು ಸ್ಕೂಟರು ಹೊರಗೆ ತಂದಳು. ಹೈವೇ ದಾಟುವಾಗ ನಾನು ಹಿಂದೆ ಕೂತು ಲಾರಿಗಿಂತ ಮೊದಲು ಅವಳ ಕೈ ನೋಡುತ್ತಿದ್ದೆ. ಕೈಗಳು ಬ್ರೇಕನ್ನು ಹಿಡಿಯಬೇಕಾದಲ್ಲಿ ಹಿಡಿದವು, ಬಿಡಬೇಕಾದಲ್ಲಿ ಬಿಟ್ಟವು.

ಇದೆಲ್ಲ ಆಗಿ ಏಳು ವರ್ಷ. ಹಿರೇಕೆರೂರಿನ ಮಾಸ್ತರರ ಮನೆಯಿಂದ ಬಂದ ಮೇಲೆ ತಡೆಯಲಾಗಲಿಲ್ಲ. ಭಾನುವಾರ ಸವಣೂರಿನಲ್ಲೊಂದು ಟೀವಿ ಕೂರಿಸಿ, ಅಲ್ಲಿಯ ಖಾರಾ ಕುರುಕು ತಿಂಡಿ ಕಟ್ಟಿಸಿಕೊಂಡು ಶಿಗ್ಗಾಂವಕ್ಕೆ ಹೋದೆ. ಚಿಗವ್ವನ ತಲೆ ಬೆಳ್ಳಗಾಗಿದೆ. ಕ್ಲಾಸಿನಲ್ಲಿ ಈಗ ಎಂಟು ಕಂಪ್ಯೂಟರು. ಕೀಲಿಗಳು ಪಿಸುಗುಡುವುದರಿಂದ ಕೇಳಿಸಿಕೊಳ್ಳಲು ಕಷ್ಟ ಎಂದು ಅವಳ ದೂರು. ಊಟವಾದ ಮೇಲೆ ಆಟಕ್ಕೆ ಕೂತೆವು.

ನಾನು ಗೆದ್ದೆ.

ಅವಳು ನನ್ನನ್ನು ನೋಡಿದಳು. "ಮೋಡ್ ನೋಡು."

ನೋಡಿದೆ. ಗೇಮ್ ಮೋಡ್ ಹಾಕಿದ ಹಾಗೇ ಇತ್ತು. ದಿನಾ ಎರಡು ಮೂರು ಮನೆಯ ಟೀವಿ ನೋಡುವವನು ನಾನು, ಅದರಲ್ಲಿ ಯಾವ ತಪ್ಪೂ ಇರಲಿಲ್ಲ. "ಟೀವಿ ಹಳೇದಾಗೇತಿ ಚಿಗವ್ವ. ಸ್ವಲ್ಪ ತಡಾ ಮಾಡಾಕತ್ತೈತಿ" ಎಂದೆ. ಜೀವಮಾನದಲ್ಲಿ ಅಷ್ಟು ಕೆಟ್ಟ ಅಭಿನಯ ಮಾಡಿದ್ದಿಲ್ಲ.

ಅವಳು ಹಳದಿ ಅಂಗಿಯವನನ್ನು ಬಯಲಲ್ಲಿ ನಿಲ್ಲಿಸಿ ಜಿಗಿಸಿದಳು. ನಾಲ್ಕು ಸಲ, ಐದು ಸಲ. "ಟೀವಿ ಸರಿ ಐತಿ" ಎಂದಳು. "ಇದು ನಂದು."

ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಕಾಕಾ ಕಣ್ಣು ತೆರೆದರು. ಚಿಗವ್ವ ತನ್ನ ಬಲಗೈಯನ್ನು ಬೆಳಕಿಗೆ ಚಾಚಿ ಹಿಡಿದಳು. ಕೈ ಕದಲಲಿಲ್ಲ. "ನಡುಗವಲ್ದು. ವಯಸ್ಸಾಗೇತಿ, ಅಷ್ಟ. ಇಷ್ಟ ತಡಾ ಇಟ್ಕೊಂಡ ಆಡ್ತೇನಿ ನಾ. ಆದ್ರ ನೀ ಬೇಕಂತ ಸೋತಿ ಅಂದ್ರ ಸಪ್ಪಳದಾಗ ಗೊತ್ತಾಕ್ಕೈತಿ, ನೆನಪಿರಲಿ."

ನಾನು ಬೇಕೆಂದು ಸೋಲಲಿಲ್ಲ. ಮೂರು ಆಟ ಗೆದ್ದೆ. ಗೆಲ್ಲುವುದು ಇಷ್ಟು ಕಷ್ಟದ ಕೆಲಸ ಎಂದು ನನಗೆ ಗೊತ್ತಿರಲಿಲ್ಲ. ನಾಲ್ಕನೆಯದರಲ್ಲಿ ಪಕ್ಕದಿಂದ ಏನೋ ಬಂದು ಪಕ್ಕೆಗೆ ತಿವಿಯಿತು. ಚಿಗವ್ವನ ಮೊಳಕೈ. ಐವತ್ತು ವರ್ಷ ಮೈಗೆ ಒತ್ತಿಕೊಂಡೇ ಇದ್ದ ಮೊಳಕೈ ಹೊರಗೆ ಹಾರಾಡುತ್ತಿತ್ತು. ನಾಲಿಗೆ ಹೊರಗೆ ಬಂದಿತ್ತು. ಹೊಂಡ ಇನ್ನೂ ದೂರವಿರುವಾಗಲೇ ಬಟನ್ ಒತ್ತಿ, ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡು, ಹುಬ್ಬು ಗಂಟಿಕ್ಕಿ, ಥೇಟ್ ನಾನೇ ಕೂತಿದ್ದೆ ಅಲ್ಲಿ, ಬಿಳಿ ಕೂದಲಿನ ನಾನು. ಹಳದಿ ಅಂಗಿಯವನು ಹೇಗೋ ದಾಟಿದ. ಮುಂದಿನದನ್ನೂ ದಾಟಿದ. ಕಾಕಾ ನಗಲು ಹೋಗಿ ಮೂರು ಕಂತಿನಲ್ಲಿ ಸೀನಿದರು. ನಾನು ಪರದೆ ಬಿಟ್ಟು ಅವಳನ್ನೇ ನೋಡುತ್ತಿದ್ದೆ, ನನ್ನ ನೀಲಿ ಅಂಗಿಯವನು ಅಂಚಿನಲ್ಲಿ ಜಾರಿ ಬಿದ್ದ.

"ಇದನ್ನ ಯಾವಾಗ ಕಲತಿ?"

"ಕಲಿಯೂದೇನೈತಿ, ಇಷ್ಟ ವರ್ಷ ಮಗ್ಗಲದಾಗ ಕುಂತು ಕೇಳೇನಿ" ಎಂದಳು ಚಿಗವ್ವ. "ಏಳು, ಚಹಾ ಇಡು. ಸಕ್ಕರಿ ಜಾಸ್ತಿ ಇರಲಿ."